ಬೇಸಿಗೆ ಬಿಟ್ಟು ಹೋದ ಹಿಮ

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬೆಳೆದ ನಮಗೆ, ವರ್ಷಗಟ್ಟಲೆ ಕರಗದ ಹಿಮ ಅಂದರೆ ಅಲ್ಲಿ ಭಯಂಕರ ಚಳಿ ಇರಬೇಕು, ರಾಶಿ ರಾಶಿ ಹಿಮ ಬೀಳುತ್ತಿರಬೇಕು ಅನ್ನಿಸುತ್ತದೆ. ಅಷ್ಟು ಸರಳ ಇಲ್ಲ. ಸೈಬೀರಿಯಾದ ಒಯ್ಮ್ಯಾಕೋನ್ ಊರಲ್ಲಿ 1933ರಲ್ಲಿ ಉಷ್ಣತೆ ಮೈನಸ್ 67 ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಆದರೂ ಜುಲೈ ಬಂದರೆ ಅಲ್ಲಿ ಹುಲ್ಲು ಚಿಗುರುತ್ತದೆ, ಕುದುರೆಗಳು ಮೇಯುತ್ತವೆ, ಚಳಿಗಾಲದ ಹಿಮವೆಲ್ಲ ಅಷ್ಟರಲ್ಲಿ ನೀರಾಗಿ ಹೋಗಿರುತ್ತದೆ.

ಈಗ ಅಂಟಾರ್ಕ್ಟಿಕಾದ ಒಳನಾಡಿನ ಡೋಮ್ ಸಿ ಅನ್ನುವ ಜಾಗ ನೋಡಿ. ವರ್ಷಪೂರ್ತಿ ಬಿದ್ದ ಹಿಮ ಕರಗಿಸಿ ಅಳೆದರೆ ಸುಮಾರು 25 ಮಿ.ಮೀ. ನೀರು, ಅಷ್ಟೇ. ಬರದ ನಾಡು ಅನ್ನಿಸಿಕೊಂಡ ವಿಜಯಪುರಕ್ಕೇ 600 ಮಿ.ಮೀ. ಆಸುಪಾಸು ಮಳೆ ಆಗುತ್ತದೆ! ಆದರೆ ಡೋಮ್ ಸಿಯಲ್ಲಿ ಮಂಜುಗಡ್ಡೆಯ ದಪ್ಪ ಮೂರು ಕಿಲೋಮೀಟರಿಗೂ ಜಾಸ್ತಿ, ಯಾಕೆಂದರೆ ಅಲ್ಲಿನ ಬೇಸಿಗೆಗೆ ಹಿಮ ಕರಗಿಸುವಷ್ಟು ಬಿಸಿಯೇ ಇಲ್ಲ. ಹಗೇವಿಗೆ ವರ್ಷಕ್ಕೊಂದು ಸೇರು ಜೋಳ ಸುರಿದರೂ, ತೆಗೆಯುವವರೇ ಇಲ್ಲದಿದ್ದರೆ ಒಂದು ದಿನ ತುಂಬಲೇಬೇಕು ಅಲ್ವಾ?

ಹೀಗೆ ಉಳಿದ ಹಿಮದ ಒಳಗೆ ಏನೇನು ಆಗುತ್ತದೆ ಅನ್ನುವ ಕಥೆ ನನಗೆ ತುಂಬಾ ಇಷ್ಟ. ಹೊಸದಾಗಿ ಬಿದ್ದ ಹಗುರ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ. ಆರು ಮೂಲೆಯ ಹರಳುಗಳ ಚೂಪು ತುದಿಗಳು ಬೇಗನೆ ಸವೆದು ದುಂಡಗಾಗುತ್ತವೆ. ಒಂದು ಬೇಸಿಗೆ ದಾಟಿದ ಆ ಹರಳು ಹಿಮಕ್ಕೆ ಫಿರ್ನ್ ಅನ್ನುತ್ತಾರೆ. ಮೇಲಿನ ಭಾರ ಏರಿದಂತೆ ಹರಳುಗಳು ಒಂದಕ್ಕೊಂದು ಬೆಸೆದು, ಸಂದುಗಳು ಮುಚ್ಚಿ, ಗಾಳಿ ಗುಳ್ಳೆಗಳಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಅದು ಮಂಜುಗಡ್ಡೆ. ಡೋಮ್ ಸಿಯಲ್ಲಿ ಇದಕ್ಕೆ ಸಾವಿರಾರು ವರ್ಷ ಬೇಕು. ಹಿಮ ಜಾಸ್ತಿ ಬೀಳುವ, ನಡುವೆ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟುವ ಬೆಟ್ಟಗಳಲ್ಲಿ ಕೆಲವೇ ದಶಕ ಸಾಕು. ಡೋಮ್ ಸಿಯಲ್ಲಿ ಕೊರೆದು ತೆಗೆದ ಗಡ್ಡೆಯ ಗುಳ್ಳೆಗಳಲ್ಲಿ 8 ಲಕ್ಷ ವರ್ಷ ಹಳೆಯ ಗಾಳಿ ಸಿಕ್ಕಿದೆ. ಮನುಷ್ಯ ಮೂಸಿರದ ಗಾಳಿ, ಯೋಚಿಸಿ!

ನಮ್ಮ ಕೃಷ್ಣೆಗೆ ಇಂಥ ಉಳಿತಾಯ ಇಲ್ಲ. ಮಹಾಬಳೇಶ್ವರದ ಕಡೆ ಮಳೆ ಆದರೆ ಆಲಮಟ್ಟಿ ತುಂಬುತ್ತದೆ. ಗಂಗೆಗೆ ಮೇ ತಿಂಗಳಲ್ಲೂ ಮೇಲಿನಿಂದ ಹಿಮದ ನೀರು ಬರುತ್ತದೆ. ಆದರೆ ಮಧ್ಯ ಮತ್ತು ಪೂರ್ವ ಹಿಮಾಲಯದ ಹಿಮನದಿಗಳಿಗೆ ಜಾಸ್ತಿ ಹಿಮ ಬೀಳುವುದು ಮುಂಗಾರಿನಲ್ಲಿ, ಕರಗುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಉಷ್ಣತೆ ಸ್ವಲ್ಪ ಏರಿದರೂ ಎರಡು ಪೆಟ್ಟು. ಒಂದು, ಹಿಮವಾಗಬೇಕಿದ್ದದ್ದು ಮಳೆಯಾಗಿ ಹರಿದು ಹೋಗುತ್ತದೆ. ಇನ್ನೊಂದು, ಹೊಸ ಹಿಮ ಬೆಳಕಿನ 80ರಿಂದ 90 ಶೇಕಡಾ ವಾಪಸ್ ಕಳಿಸುತ್ತದೆ. ಆ ಬಿಳಿ ಹೊದಿಕೆ ಇಲ್ಲದಿದ್ದರೆ ಮಸಿ, ದೂಳು ಕೂತ ಹಳೆಯ ಗಡ್ಡೆ ಅದೇ ಬಿಸಿಲನ್ನು ಹೀರಿಕೊಂಡು ಇನ್ನೂ ಬೇಗ ಕರಗುತ್ತದೆ.