ಕೀಲ್ ನಗರದ 67ನೇ ಗುಂಡಿ

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್ (ಗಡ್ಡೆ ಹಾರ್ಮೋನ್‌ಗೆ ಸ್ಪಂದಿಸುತ್ತದೆಯೇ ಎಂದು ಹೇಳುವವು), ಹರ್-2 (ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಪ್ರೋಟೀನ್) ಸಾಲುಗಳ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಸಾಲಿರುತ್ತದೆ: ಕೆಐ-67. ಅದರೆದುರು ಶೇ 40 ಎಂದಿದ್ದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕ್ಯಾನ್ಸರ್ ಶೇ 40ರಷ್ಟು ಹರಡಿಬಿಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ. ಅದಲ್ಲ ವಿಷಯ. ಗಡ್ಡೆಯಿಂದ ತೆಗೆದ ಚೂರಿನಲ್ಲಿ ನೂರು ಕ್ಯಾನ್ಸರ್ ಕೋಶ ಎಣಿಸಿದರೆ ನಲವತ್ತು ಎರಡಾಗುವ ತಯಾರಿಯಲ್ಲಿದ್ದವು, ಮಿಕ್ಕ ಅರವತ್ತು ಸುಮ್ಮನೆ ಕೂತಿದ್ದವು ಎಂದಷ್ಟೇ ಅರ್ಥ.

ಹೆಸರು ವಿಚಿತ್ರವಾಗಿದೆ. ಜರ್ಮನಿಯ ಕೀಲ್ ನಗರದಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಬೇರೊಂದು ಕ್ಯಾನ್ಸರಿನ, ಹಾಡ್ಜ್‌ಕಿನ್ ಲಿಂಫೋಮಾದ, ಕೋಶಗಳನ್ನು ಗುರುತಿಸುವ ಪ್ರತಿಕಾಯ (ತನ್ನ ಗುರಿಗೆ ಮಾತ್ರ ಅಂಟುವ ಪ್ರೋಟೀನ್) ಹುಡುಕುತ್ತಿದ್ದರು. 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆಯ 67ನೆಯದರಲ್ಲಿ ಸಿಕ್ಕ ಪ್ರತಿಕಾಯ, ವಿಭಜನೆಗೆ ಹೊರಟ ಯಾವುದೇ ಕೋಶದ ಕೇಂದ್ರಕ್ಕೂ ಅಂಟಿಕೊಳ್ಳುತ್ತಿತ್ತು. 1983ರಲ್ಲಿ ಪ್ರಕಟಿಸುವಾಗ ಊರಿನ ಹೆಸರಿನ ಮೊದಲ ಎರಡು ರೋಮನ್ ಅಕ್ಷರ (ಕೆ, ಐ), ಗುಂಡಿಯ ನಂಬರು ಸೇರಿಸಿ ಹೆಸರಿಟ್ಟರು.

ಪೆಥಾಲಜಿಸ್ಟ್ ಕಣ್ಣಿಗೆ ಇದು ಬಣ್ಣದ ಲೆಕ್ಕ. ಕೂದಲಿಗಿಂತ ತೆಳುವಾಗಿ ಕೊಯ್ದ ಪದರಕ್ಕೆ ಇಂಥ ಪ್ರತಿಕಾಯ ಸೇರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ, ಎರಡಾಗಲು ಹೊರಟ ಕೋಶಗಳ ಕೇಂದ್ರ ಕಾಫಿಪುಡಿಯಂತೆ ಕಂದು, ಉಳಿದದ್ದೆಲ್ಲ ನೀಲಿ. ಆದರೆ ಗಡ್ಡೆಯ ಒಂದು ಮೂಲೆಯಲ್ಲಿ ಕಂದು ಕಿಕ್ಕಿರಿದಿರುತ್ತದೆ, ಪಕ್ಕದಲ್ಲೇ ವಿರಳ. ಎಲ್ಲಿ ಎಣಿಸಬೇಕು? ತಿಳಿಗಂದು ಬಂದದ್ದನ್ನು ಸೇರಿಸಬೇಕೋ ಬಿಡಬೇಕೋ? ಒಂದೇ ಸ್ಲೈಡಿಗೆ ಒಬ್ಬರು 15 ಎಂದರೆ ಇನ್ನೊಬ್ಬರು 22 ಎನ್ನಬಹುದು. ಅದಕ್ಕೇ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು, ಹಾರ್ಮೋನ್‌ಗೆ ಸ್ಪಂದಿಸುವ ಆರಂಭಿಕ ಹಂತದ ಗಡ್ಡೆಗಳಲ್ಲಿ ಶೇ 5 ಅಥವಾ ಅದಕ್ಕಿಂತ ಕಡಿಮೆ, ಶೇ 30 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಾತ್ರ ಕೀಮೋ ಬೇಕೇ ಬೇಡವೇ ಎನ್ನಲು ಇದನ್ನು ನೆಚ್ಚಬಹುದು ಎಂದಿತು. ನಡುವಿನದು ಮಸುಕು.

ಇನ್ನೊಂದು ಗೋಜಲಿದೆ. ಈ ಅಂಕಿ ಹೆಚ್ಚಿದ್ದಷ್ಟೂ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಹಾಗೆಯೇ ಕೀಮೋಗೆ ಗಡ್ಡೆ ಕರಗುವ ಸಾಧ್ಯತೆಯೂ ಹೆಚ್ಚು. ಪ್ಯಾಕ್ಲಿಟ್ಯಾಕ್ಸೆಲ್ ಔಷಧ, ವಿಭಜನೆಯ ಹೊತ್ತಿನಲ್ಲಿ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳನ್ನು ಸೆಟೆಸಿಬಿಡುತ್ತದೆ. ಎರಡಾಗಲು ಹೊರಟ ಕೋಶ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಮಲಗಿರುವ ಕೋಶಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಕೂದಲು ಉದುರುವುದೂ ಇದೇ ಕಾರಣಕ್ಕೆ: ಕೂದಲ ಬುಡದ ಕೋಶಗಳು ಬಿಡುವಿಲ್ಲದೆ ಎರಡಾಗುತ್ತಿರುತ್ತವೆ. ಕೀಮೋ ಸರದಿಗಳ ನಡುವೆ ಹಲವು ಸಲ ಮೂರು ವಾರ ಬಿಡುವುದು, ರಕ್ತಕಣ ಹುಟ್ಟಿಸುವ ಮಜ್ಜೆ ಚೇತರಿಸಿಕೊಳ್ಳಲಿ ಎಂದು.

ಅಪಾಯವನ್ನು ಹೇಳುವ ಅಂಕಿ ಔಷಧ ಯಾರಿಗೆ ಎಂಬುದನ್ನೂ ಹೇಳಬೇಕೆಂದಿಲ್ಲ. ಕೋಶ ವಿಭಜನೆಗೆ ತಡೆಯೊಡ್ಡುವ ಅಬೆಮಾಸಿಕ್ಲಿಬ್ ಮಾತ್ರೆಗೆ ಆರಂಭಿಕ ಹಂತದ ಕ್ಯಾನ್ಸರಿನಲ್ಲಿ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಾಗ, ಕೆಐ-67 ಕನಿಷ್ಠ ಶೇ 20 ಇರಬೇಕೆಂಬ ಷರತ್ತಿತ್ತು. ಕಡಿಮೆ ಇದ್ದವರಿಗೂ ಗುಣ ಕಂಡದ್ದರಿಂದ 2023ರಲ್ಲಿ ಅದನ್ನು ಕೈಬಿಟ್ಟರು.

ನನ್ನ ಮಟ್ಟಿಗೆ, ಮೊದಲ ದಿನದ ಅಂಕಿಗಿಂತ ಔಷಧ ಒಳಹೋದ ಮೇಲಿನ ಅಂಕಿಯಲ್ಲಿ ಹೆಚ್ಚು ಸುದ್ದಿಯಿದೆ. ಬ್ರಿಟನ್ನಿನ ಪೊಯೆಟಿಕ್ ಪ್ರಯೋಗವನ್ನೇ ನೋಡಿ (ಪೊಯೆಟಿಕ್ ಎಂದರೆ ಕಾವ್ಯಮಯ, ಸಂಶೋಧಕರಿಗೂ ಹೆಸರಿನ ಚಪಲ ಬಿಟ್ಟಿಲ್ಲ). ಮುಟ್ಟು ನಿಂತ 4,480 ಮಹಿಳೆಯರಲ್ಲಿ ಮೂರನೇ ಎರಡರಷ್ಟು ಮಂದಿಗೆ ಆಪರೇಷನ್ನಿಗೆ ಎರಡು ವಾರ ಮೊದಲೂ ಎರಡು ವಾರ ನಂತರವೂ ಈಸ್ಟ್ರೋಜನ್ ತಗ್ಗಿಸುವ ಮಾತ್ರೆ ಕೊಟ್ಟರು. ಆ ನಾಲ್ಕು ವಾರದ ಮಾತ್ರೆಯಿಂದ ಕಾಯಿಲೆ ಮರಳುವುದೇನೂ ಕಡಿಮೆಯಾಗಲಿಲ್ಲ. ಆದರೆ ಮಾತ್ರೆ ನುಂಗಿದ, ಹರ್-2 ಇಲ್ಲದವರಲ್ಲಿ ಒಂದು ಸಂಗತಿ ಕಂಡಿತು. ಬಯಾಪ್ಸಿಯಲ್ಲಿ ಹೆಚ್ಚಿದ್ದ ಕೆಐ-67 ಎರಡೇ ವಾರದಲ್ಲಿ ಶೇ 10ಕ್ಕಿಂತ ಕೆಳಗಿಳಿದಿದ್ದರೆ, ಐದು ವರ್ಷದಲ್ಲಿ ಕಾಯಿಲೆ ಮರಳಿದ್ದು ಶೇ 8.4 ಮಂದಿಗೆ. ಇಳಿಯದೆ ಉಳಿದವರಲ್ಲಿ ಶೇ 21.5. ಹೀಗೆ ಎರಡು ವಾರದ ನಂತರವೂ ಪಟ್ಟು ಬಿಡದ ಗಡ್ಡೆಗಳಿಗೆ ಹಾರ್ಮೋನ್ ಚಿಕಿತ್ಸೆಯ ಜೊತೆ ಅಬೆಮಾಸಿಕ್ಲಿಬ್ ಸೇರಿಸಿದರೆ ಹೇಗೆ ಎಂದು ನೋಡಲು ಬ್ರಿಟನ್ನಿನಲ್ಲೇ ಪೊಯೆಟಿಕ್-ಎ ಎಂಬ ಮುಂದಿನ ಪ್ರಯೋಗ ಶುರುವಾಯಿತು.