ಮೇ ತಿಂಗಳಲ್ಲಿ ಗಿಟಾರ್ ಮಾರಬೇಡಿ

ಶರಣಬಸವೇಶ್ವರ ಜಾತ್ರೆ ಮುಗಿದು ಒಂದು ತಿಂಗಳು ಆಗುವಷ್ಟರಲ್ಲಿ ನನ್ನ ಗಿಟಾರ್ ರಿಪೇರಿ ಅಂಗಡಿಗೆ ಒಂದೇ ಥರದ ಜನ ಬರೋಕೆ ಶುರು ಮಾಡುತ್ತಾರೆ. ಹೆಗಲಲ್ಲಿ ಎಲೆಕ್ಟ್ರಿಕ್ ಗಿಟಾರ್, ಬಾಯಲ್ಲಿ ಒಂದೇ ಮಾತು: "ಅಣ್ಣಾರ, ಇದು ಬರೀ ಗರ್ ಅನ್ಲತ್ತದ, ಯಾರಿಗರೆ ಕೊಟ್ಟುಬಿಡ್ರಿ." ದೀಪಾವಳಿ ಹೊತ್ತಿಗೆ ಇದೇ ಗಿಟಾರನ್ನು ಹೊಗಳಿ ಹೊಗಳಿ ನನ್ನ ತಲೆ ತಿಂದವರು ಇವರೇ.

ಗಿಟಾರ್ ಕೆಟ್ಟಿರೋದಿಲ್ಲ. ಬಿಸಿಲು ಬಡಿದಿರುತ್ತದೆ, ಅಷ್ಟೇ. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳು ಅಂದರೆ 42, 43 ಡಿಗ್ರಿ, ಗಾಳಿಯಲ್ಲಿ ಪಸೆ ಅನ್ನೋದೇ ಇರೋದಿಲ್ಲ. ಮರ ಒಣಗಿ ಕುಗ್ಗುತ್ತದೆ. ಫ್ರೆಟ್‌ಬೋರ್ಡ್, ಅಂದರೆ ಬೆರಳೊತ್ತುವ ಮರದ ಹಲಗೆ, ಕುಗ್ಗಿದಾಗ ನೆಕ್ (ಗಿಟಾರಿನ ಉದ್ದ ಕುತ್ತಿಗೆ) ಹಿಂದಕ್ಕೆ ಎಳೆದುಕೊಂಡು ನೆಟ್ಟಗಾಗುತ್ತದೆ, ತಂತಿ ಕೆಳಗಿಳಿದು ಫ್ರೆಟ್‌ಗೆ ತಾಗುತ್ತದೆ. ಫ್ರೆಟ್ ಅಂದರೆ ಆ ಹಲಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ, ಅದು ಮರದ ಜೊತೆ ಕುಗ್ಗೋದಿಲ್ಲ, ಹಾಗಾಗಿ ಅದರ ತುದಿ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕುತ್ತದೆ. ಹೆಬ್ಬೆರಳನ್ನು ನೆಕ್ ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡಿ, ಗರಗಸದ ಹಲ್ಲು ಮುಟ್ಟಿದ ಹಾಗಾಗುತ್ತದೆ. ಜುಲೈನಲ್ಲಿ ಎಲ್ಲ ಉಲ್ಟಾ: ಮರ ಪಸೆ ಕುಡಿದು ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ. ಇದರ ಮಧ್ಯೆ ನಮ್ಮ ಜನ ಗಿಟಾರನ್ನು ಕೂಲರ್ ಮುಂದೆ ನಿಲ್ಲಿಸಿರುತ್ತಾರೆ. ಕೂಲರ್ ಇದ್ದಾಗ ತೇವ, ಕರೆಂಟ್ ಹೋದಾಗ ಬೆಂಕಿ. ಪಾಪ, ಮರ ಏನು ಮಾಡಬೇಕು?

ಈ ಪಾಠ ನಾನು ದುಡ್ಡು ಕಳೆದುಕೊಂಡು ಕಲಿತೆ. ರಿಪೇರಿ ಕೆಲಸ ಕಲಿಯೋಕೆ ಮುಂಚೆ, ಒಂದು ಟೆಲಿಕ್ಯಾಸ್ಟರ್ ಥರದ ಗಿಟಾರ್ ಇತ್ತು ನನ್ನ ಹತ್ತಿರ. ಬೇಸಿಗೆಯಲ್ಲಿ ಗರಗರ ಅಂತು, ರೇಗಿ ಸಿಕ್ಕ ರೇಟಿಗೆ ಮಾರಿಬಿಟ್ಟೆ. ತಗೊಂಡ ಹುಡುಗ ಗಣೇಶ ಹಬ್ಬದ ಆರ್ಕೆಸ್ಟ್ರಾದಲ್ಲಿ ಅದನ್ನೇ ಬಾರಿಸುತ್ತಾ ನಿಂತಿದ್ದ. ಒಂದು ಸ್ವರವೂ ಗರ್ ಅನ್ನಲಿಲ್ಲ. ಟ್ರಸ್ ರಾಡನ್ನು (ನೆಕ್ ಒಳಗಿದ್ದು ಅದರ ಬಾಗು ಹೊಂದಿಸುವ ಲೋಹದ ಸರಳು) ಕಾಲು ಸುತ್ತು ಸಡಿಲ ಮಾಡಿದ್ದರೆ ಮೇನಲ್ಲೂ ಹಾಗೇ ನುಡಿಯುತ್ತಿತ್ತು ಅಂತ ಈಗ ಗೊತ್ತು. ಆಗ ಟ್ರಸ್ ರಾಡ್ ಅಂದರೆ ಏನಂತಲೇ ಗೊತ್ತಿರಲಿಲ್ಲ.

ಹೋದ ತಿಂಗಳು ಬೀದರ್‌ನಿಂದ ಒಬ್ಬರು ಬಂದಿದ್ದರು. 2017ರಲ್ಲಿ ಬೀದರ್-ಕಲಬುರಗಿ ರೈಲು ಶುರುವಾದ ಮೇಲೆ ಆ ಕಡೆಯಿಂದ ಗಿಟಾರ್ ಹೊತ್ತು ಬರುವವರು ಜಾಸ್ತಿ ಆಗಿದ್ದಾರೆ. ಇವರು ಚರ್ಚ್‌ನಲ್ಲಿ ಬಾರಿಸುವವರು, ಹಬ್ಬ-ಮದುವೆಗಳಲ್ಲೂ ಬಾರಿಸುತ್ತಾರೆ. ಐದು ಗಿಟಾರನ್ನು ಎರಡು ಸಲ ಓಡಾಡಿ ತಂದರು. "ನೌಕರಿ ಟ್ರಾನ್ಸ್‌ಫರ್ ಆಗ್ಯಾದ್ರಿ. ಎರಡ ಇಟ್ಕೋತೀನಿ, ಮೂರು ಮಾರ್ತೀನಿ. ಮನ್ಯಾಗ ಹಂಗ ಮಾತಾಗ್ಯಾದ," ಅಂದರು. ಯಾರ ಜೊತೆ ಮಾತಾಗಿದೆ ಅಂತ ನಾನು ಕೇಳಲಿಲ್ಲ, ನನಗೂ ಮನೆ ಇದೆ.

ಮೂರು ಸ್ಟ್ರಾಟೋಕ್ಯಾಸ್ಟರ್ (ಸ್ಟ್ರಾಟ್) ಥರದವು: ಒಂದು ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್, ಒಂದು ಸ್ಕ್ವಾಯರ್ (ಫೆಂಡರ್ ಕಂಪನಿಯದೇ ಅಗ್ಗದ ಬ್ರ್ಯಾಂಡ್), ಇನ್ನೊಂದು ಹೈದರಾಬಾದಿನಲ್ಲಿ ಸೋವಿಯಲ್ಲಿ ಕೊಂಡ, ತಲೆಯ ಮೇಲೆ ಹೆಸರೇ ಇಲ್ಲದ್ದು. ನಾಲ್ಕನೆಯದು ಲೆಸ್ ಪಾಲ್ ಥರದ್ದು. ಐದನೆಯದು ಚೂಪು ಕೊಂಬಿನ, 24 ಫ್ರೆಟ್ಟಿನ, ಫ್ಲಾಯ್ಡ್ ರೋಸ್ ಬ್ರಿಡ್ಜ್ (ತಂತಿಗಳನ್ನು ಹಿಡಿದು ಸ್ಪ್ರಿಂಗ್ ಮೇಲೆ ಅಲುಗಾಡುವ ಭಾಗ) ಇರುವ ಗಿಟಾರ್. ಅವರ ಲೆಕ್ಕ ಮೊದಲೇ ಆಗಿತ್ತು: ಫೆಂಡರ್ ಇಟ್ಟುಕೊಳ್ಳೋದು, ಆ ಕೊಂಬಿನದ್ದು ಇಟ್ಟುಕೊಳ್ಳೋದು, ಉಳಿದಿದ್ದು ಮಾರೋದು. ಯಾಕೆ ಅಂದರೆ ಅವೆರಡಕ್ಕೇ ಜಾಸ್ತಿ ದುಡ್ಡು ಕೊಟ್ಟಿದ್ದು.

ನಾನು ಬಾರಿಸಿ ನೋಡೋಕೆ ಮುಂಚೆ ಫ್ರೆಟ್ ನೋಡುತ್ತೇನೆ. ಹೆಚ್ಚಿನ ಫ್ರೆಟ್ ಮಾಡೋ ಲೋಹಕ್ಕೆ ನಿಕ್ಕಲ್ ಸಿಲ್ವರ್ ಅಂತ ಹೆಸರು, ಬೆಳ್ಳಿ ಮಾತ್ರ ಒಂದು ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ. ಬೀದರ್‌ನವರಿಗೆ ಇದನ್ನ ಹೇಳಿದರೆ ನಗುತ್ತಾರೆ, ಅವರ ಬಿದ್ರಿ ಹೂಜಿಯಲ್ಲಿ ಖರೇ ಬೆಳ್ಳಿ ಇರುತ್ತದೆ. ಈ ಲೋಹ ಮೆತ್ತಗೆ, ತಂತಿ ಒತ್ತಿದ ಕಡೆ ಸವೆಯುತ್ತದೆ. ಲೈಟಿಗೆ ಹಿಡಿದು ಓರೆ ಮಾಡಿ ನೋಡಿದೆ. ಸ್ಕ್ವಾಯರ್‌ನ ಮೊದಲ ಮೂರು ಫ್ರೆಟ್‌ನಲ್ಲಿ ತಂತಿಯ ಕೆಳಗೆ ಸಣ್ಣ ಸಣ್ಣ ಗುಳಿ, ಉಗುರು ಎಳೆದರೆ ತಡೆಯುತ್ತದೆ. ಹನ್ನೆರಡನೇ ಫ್ರೆಟ್‌ನಿಂದ ಆಚೆ ಹೊಸದರ ಹಾಗೆ ಹೊಳೆಯುತ್ತಿದೆ. ಅಂದರೆ ಇವರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬಾರಿಸುವ ಮನುಷ್ಯ, ಹಾಡಿಗೆ ಸಾಥ್ ಕೊಡುವವರು. 24ನೇ ಫ್ರೆಟ್‌ಗೆ ಇವರ ಕೈ ಯಾವತ್ತೂ ಹೋಗಿಲ್ಲ. ಆ ಕೊಂಬಿನ ಗಿಟಾರ್‌ನ ಫ್ರೆಟ್‌ನಲ್ಲಿ ಒಂದು ಗೀರೂ ಇಲ್ಲ. ಫೆಂಡರ್ ತಂತಿ ಕಪ್ಪಾಗಿ ತುಕ್ಕು ಹಿಡಿದಿತ್ತು, ಬ್ಯಾಗಿನ ಜಿಪ್ಪೂ ಬಿಗಿಯಾಗಿತ್ತು.

"ಸರ್, ಇದನ್ನ ಎಷ್ಟು ದಿನ ಆತು ಮುಟ್ಟಿ?"

"ಭಾರಿ ಗಿಟಾರ್ ಅಲ್ರಿ ಅದು... ಎಲ್ಲೆ ಗೀರು ಬೀಳ್ತದೋ ಅಂತ ತೆಗಿಯಂಗಿಲ್ಲ."

ಗೀರು ಬೀಳುತ್ತೆ ಅಂತ ಮುಟ್ಟದ ಗಿಟಾರ್ ನಿಮ್ಮದಲ್ಲ ಸರ್, ಅದನ್ನ ಮುಂದೆ ಕೊಳ್ಳುವವನದ್ದು, ನೀವು ಸುಮ್ನೆ ಕಾಯ್ತಾ ಇದ್ದೀರಿ ಅಂದೆ. ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು.

ಆಮೇಲೆ ನೆಕ್. ಸೌಂಡ್ ಸರಿ ಇಲ್ಲ ಅಂತ ಗಿಟಾರ್ ಮಾರುವವರು ಬಹಳ ಜನ, ಆದರೆ ಸೌಂಡ್ ಬದಲಾಯಿಸೋದು ಸುಲಭ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬೇರೆ ಹಾಕಿ, ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಪಾಟ್ ಬದಲಿಸಿ, ಅರ್ಧ ದಿನದಲ್ಲಿ ಬೇರೆ ಗಿಟಾರ್ ಆಗುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್, ಎರಡು ಸುರುಳಿಯ ಹಂಬಕರ್‌ಗೆ 500. ಎಷ್ಟೋ ಸಲ ಮಂಕಾಗಿ ಕೇಳುತ್ತೆ ಅನ್ನೋ ದೂರಿಗೆ ತಪ್ಪು ಪಾಟೇ ಕಾರಣ. ನೆಕ್ ಹಾಗಲ್ಲ. ನಿಮ್ಮ ಅಂಗೈಗೆ ಕೂರುವ ನೆಕ್ ಸಿಗೋದು ಅದೃಷ್ಟ. ಅದಕ್ಕೇ ನಾನು ನೆಕ್ ನೋಡಿ ಇಟ್ಟುಕೊಳ್ಳಿ ಅನ್ನುತ್ತೇನೆ, ಪಿಕಪ್ ನೋಡಿ ಅಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೊದಲು ಶ್ರುತಿ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ, ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಮಧ್ಯೆ ಎಷ್ಟು ಸಂದಿ ಇದೆ ನೋಡಿ. 0.2ರಿಂದ 0.3 ಮಿಲಿಮೀಟರ್ ಇದ್ದರೆ ಸಾಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದಿ ಇಲ್ಲದಿದ್ದರೆ ರಾಡ್ ಸಡಿಲ ಮಾಡಬೇಕು, ಜಾಸ್ತಿ ಇದ್ದರೆ ಬಿಗಿ ಮಾಡಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ರಾಡ್ ಪೂರ್ತಿ ಬಿಗಿಯಾಗಿ ಇನ್ನು ತಿರುಗೋದೇ ಇಲ್ಲ ಅಂತಾದರೆ, ಅಥವಾ ನೆಕ್ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದ್ದರೆ, ಅದು ಮಾರುವ ಪಟ್ಟಿಗೆ. ತಿರುಚಿದ್ದನ್ನು ಸಾದಾ ಟ್ರಸ್ ರಾಡ್ ಸರಿ ಮಾಡೋದಿಲ್ಲ.

ಅಂದ ಹಾಗೆ, ಬೇಸಿಗೆ ಅಂತ ಬೀಟೆ ಮರದ ಫ್ರೆಟ್‌ಬೋರ್ಡಿಗೆ ಮನೆಯ ಕುಸುಬಿ ಎಣ್ಣೆ ಸವರಬೇಡಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ. ಒಬ್ಬರು ಹಾಗೆ ಮಾಡಿ ತಂದಿದ್ದರು, ಧೂಳೆಲ್ಲ ಕೂತು ಹಪ್ಪಳದ ಮಣೆ ಆಗಿತ್ತು.

ಬೀದರ್‌ನವರ ಗಿಟಾರ್‌ಗಳಲ್ಲಿ ಸ್ಕ್ವಾಯರ್ ನೆಕ್ ಎಲ್ಲಕ್ಕಿಂತ ಸರಿ ಇತ್ತು. ಎಷ್ಟೋ ಬೇಸಿಗೆ ಕಂಡಿರುವ ಮರ, ಅವರ ಹೆಬ್ಬೆರಳು ಉಜ್ಜಿ ಉಜ್ಜಿ ಹಿಂಭಾಗ ನುಣ್ಣಗಾಗಿತ್ತು. ಅದು ಇರಲಿ ಅಂದೆ, ಫ್ರೆಟ್ ಮಟ್ಟ ಮಾಡಿಕೊಡುತ್ತೇನೆ. ಮೂರೂ ಸ್ಟ್ರಾಟ್ ಮಾಡೋದು ಒಂದೇ ಕೆಲಸ, ಮೂರು ಯಾಕೆ ಬೇಕು? ಫೆಂಡರ್‌ನಲ್ಲಿ ದೋಷ ಏನೂ ಇರಲಿಲ್ಲ, ಅದಕ್ಕೇ ಅದನ್ನು ಮಾರಿ ಅಂದಿದ್ದು. ಒಳ್ಳೆ ರೇಟು ಬರೋದು ಅದಕ್ಕೇ.

ಇಟ್ಟುಕೊಳ್ಳಿ ಅಂದ ಎರಡನೆಯದು ಲೆಸ್ ಪಾಲ್ ಥರದ್ದು. ಇದಕ್ಕೆ ಕಾರಣ ಕರೆಂಟು. ನಮ್ಮ ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರೋದಿಲ್ಲ, ಮಂಟಪದಲ್ಲಿ ಜನರೇಟರ್, ಸೀರಿಯಲ್ ಲೈಟು, ಡಿಮ್ಮರ್. ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಜ್ ಕರೆಂಟಿನ ಗುಂಯ್ ಅನ್ನೋ ಸದ್ದನ್ನೆಲ್ಲ ಹಿಡಿದು ಸ್ಪೀಕರಿಗೆ ಕೊಡುತ್ತದೆ. ಲೆಸ್ ಪಾಲ್‌ನಲ್ಲಿರುವ ಹಂಬಕರ್‌ನಲ್ಲಿ ಎರಡು ಕಾಯಿಲ್ ಇರುತ್ತವೆ, ಒಂದರ ಗುಂಯ್ ಇನ್ನೊಂದು ಹೊಡೆದುಹಾಕುತ್ತದೆ. ಇನ್ನೊಂದು ವಿಷಯ: ಸ್ಟ್ರಾಟ್‌ನ ತಂತಿಯ ನುಡಿಯುವ ಉದ್ದ 648 ಮಿಲಿಮೀಟರ್, ಲೆಸ್ ಪಾಲ್‌ನದ್ದು ಸುಮಾರು 628. ಗಿಡ್ಡ ಅಳತೆಯಲ್ಲಿ ಅದೇ ತಂತಿ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ. ಅವರ ಮಗಳು ಈಗ ಕಲಿಯುತ್ತಿದ್ದಾಳಂತೆ, ಎಳೆ ಬೆರಳಿಗೆ ಅದೇ ಒಳ್ಳೆಯದು. ತಲೆ ಹಿಂದಕ್ಕೆ ಬಾಗಿರುವ ಗಿಟಾರ್ ಅದು, ಬಿದ್ದರೆ ಕುತ್ತಿಗೆಯಲ್ಲೇ ಮುರಿಯುತ್ತದೆ, ಗೋಡೆಗೆ ಒರಗಿಸಿ ಇಡಬೇಡಿ ಅಂತ ಎರಡು ಸಲ ಹೇಳಿದೆ.

ಕೊಂಬಿನ ಗಿಟಾರ್ ಬಗ್ಗೆ ಹೆಚ್ಚು ಮಾತಿಲ್ಲ. ತೇಲುವ ಫ್ಲಾಯ್ಡ್ ರೋಸ್‌ನಲ್ಲಿ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಆರಾಧನೆ ಮಧ್ಯೆ ಹಾಗಾದರೆ ಪಾಸ್ಟರ್ ಎಷ್ಟು ಹೊತ್ತು ಕಾಯುತ್ತಾರೆ?

ಮಾರೋಕೆ ಮುಂಚೆ ಒಂದು ಕೆಲಸ ಮಾಡಿ. ಪಿಕಪ್, ಬ್ರಿಡ್ಜ್ ಬದಲಿಸಿದ್ದರೆ ಮೂಲದ್ದನ್ನೇ ವಾಪಸ್ ಹಾಕಿ, ನೀವು ಹಾಕಿದ್ದನ್ನು ಬೇರೆ ಮಾರಿ. ಇಷ್ಟು ಖರ್ಚು ಮಾಡಿದ್ದೀನಿ ಅಂದರೆ ಕೊಳ್ಳುವವರು ಕೊಡೋದಿಲ್ಲ, ಮೂಲ ಸಾಮಾನು ಇದ್ದರೆ ಕೊಡುತ್ತಾರೆ. ಹೊಸ ತಂತಿ ಹಾಕಿ, ಸೆಟಪ್ (ನೆಕ್ ಬಾಗು, ತಂತಿ ಎತ್ತರ ಹೊಂದಿಸೋದು) ಮಾಡಿಸಿ. ಬಿರುಕು ಇದ್ದರೆ ನೀವೇ ತೋರಿಸಿ, ಅವರೇ ಕಂಡುಹಿಡಿದರೆ ರೇಟು ಇನ್ನೂ ಬೀಳುತ್ತದೆ.

ಹೆಸರಿಲ್ಲದ್ದು ಮಾತ್ರ ಇನ್ನೂ ನನ್ನ ಗೋಡೆಯ ಮೇಲೆ ತೂಗುತ್ತಿದೆ. ಅದರ ನೆಕ್ ಸ್ವಲ್ಪ ತಿರುಚಿದ ಹಾಗೆ ಕಾಣುತ್ತದೆ, ಆದರೆ ಈ ಬಿಸಿಲಲ್ಲಿ ನಾನು ಯಾವ ನೆಕ್ಕಿಗೂ ಕೆಟ್ಟಿದೆ ಅಂತ ತೀರ್ಪು ಕೊಡೋದಿಲ್ಲ. ಮಳೆ ಬಿದ್ದು ಹದಿನೈದು ದಿನ ಆಗಲಿ, ಆಮೇಲೆ ಫೋನ್ ಮಾಡ್ತೀನಿ ಅಂದಿದ್ದೇನೆ. ಅವರು ವಾರಕ್ಕೊಮ್ಮೆ ಮೆಸೇಜ್ ಮಾಡುತ್ತಾರೆ: "ಅಣ್ಣಾರ, ಕಲಬುರಗ್ಯಾಗ ಮಳಿ ಬಂತೇನ್ರಿ?"