ಸೂರ್ಯನಂಥ ಬೇರೆ ನಕ್ಷತ್ರದ ಸುತ್ತ ಗ್ರಹ ಸಿಗೋಕೆ 1995ರ ತನಕ ಯಾಕೆ ಕಾಯ್ಬೇಕಾಯ್ತು?

ಬೇರೆ ನಕ್ಷತ್ರಕ್ಕೂ ಗ್ರಹ ಇದೆ ಅಂತ ಮೊದಮೊದಲು ಹೇಳಿದವರಲ್ಲಿ ಒಬ್ರು ಮದ್ರಾಸಲ್ಲಿ ಕೆಲಸ ಮಾಡ್ತಿದ್ದವರು ಅಂದ್ರೆ ಸುಮಾರು ಜನ ನಂಬಲ್ಲ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಅಬ್ಸರ್ವೇಟರಿಲಿದ್ದ ಕ್ಯಾಪ್ಟನ್ ಜೇಕಬ್, 70 ಒಫಿಯುಕಿ ಅನ್ನೋ ಜೋಡಿ ನಕ್ಷತ್ರದ ಚಲನೆ ಲೆಕ್ಕಕ್ಕೆ ಕೂರ್ತಿಲ್ಲ, ಕಾಣದ ಗ್ರಹ ಯಾವ್ದೋ ಎಳೀತಿರ್ಬೇಕು ಅಂದ್ರು. (ಆ ಅಬ್ಸರ್ವೇಟರಿ ಆಮೇಲೆ ಕೊಡೈಕನಾಲ್‌ಗೆ ಹೋಯ್ತು, ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅದೇ ವಂಶದ್ದು.) ಅಲ್ಲಿ ಗ್ರಹ ಇರ್ಲಿಲ್ಲ, ಆದ್ರೆ ಉಪಾಯ ಸರಿಯಾಗೇ ಇತ್ತು, ಗ್ರಹ ಕಾಣದಿದ್ರೂ ಅದು ನಕ್ಷತ್ರನ ಅಲ್ಲಾಡಿಸೋದನ್ನ ಹಿಡೀಬಹುದು.

1963ರಲ್ಲಿ ಅಮೆರಿಕದ ಪೀಟರ್ ವಾನ್ ಡಿ ಕಾಂಪ್ ಬರ್ನಾರ್ಡ್ ನಕ್ಷತ್ರಕ್ಕೆ ಗುರುವಿನಂಥ ದೊಡ್ಡ ಗ್ರಹ ಇದೆ ಅಂದ್ರು. ಹತ್ತು ವರ್ಷ ಆದ್ಮೇಲೆ ನೋಡಿದ್ರೆ, ನಕ್ಷತ್ರ ಅಲ್ಲಾಡಿದ್ದು ಅಂದ್ಕೊಂಡಿದ್ದು ಟೆಲಿಸ್ಕೋಪಿನ ಲೆನ್ಸ್ ಬಿಚ್ಚಿ ಸರಿ ಮಾಡಿದ ಟೈಮಿಗೇ ಹೊಂದ್ತಿತ್ತು! ಇಂಥವೆಲ್ಲ ಆಗಿ ಗ್ರಹ ಹುಡುಕ್ತೀನಿ ಅನ್ನೋರನ್ನ ಅನುಮಾನದಿಂದ ನೋಡೋ ಹಾಗಾಯ್ತು.

ಆದ್ರೆ ನನ್ನ ಪ್ರಕಾರ ತಡ ಆಗಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಗ್ರಹ ಹೇಗೆ ಹುಟ್ಟುತ್ತೆ ಅನ್ನೋ ನಮ್ಮ ಥಿಯರಿನೇ. ಗ್ಯಾಸು ಧೂಳಿನ ಮೋಡ ತನ್ನ ಗುರುತ್ವಕ್ಕೆ ತಾನೇ ಕುಸಿಯುತ್ತೆ, ತಿರುಗ್ತಾ ತಿರುಗ್ತಾ ತಟ್ಟೆ ಥರ ಚಪ್ಪಟೆ ಆಗುತ್ತೆ, ನಡುವಿನದು ಕಾದು ನಕ್ಷತ್ರ ಆಗುತ್ತೆ, ಸುತ್ತ ಉಳಿದ ಧೂಳು ಅಂಟಿಕೊಂಡು ಅಂಟಿಕೊಂಡು ಗ್ರಹ ಆಗುತ್ತೆ. ದೂರದಲ್ಲಿ ನೀರು ಐಸ್ ಆಗಿರೋದ್ರಿಂದ ಸರಕು ಜಾಸ್ತಿ, ಹಂಗಾಗಿ ಗುರುವಿನಂಥ ದೈತ್ಯರು ಅಲ್ಲೇ ಹುಟ್ಬೇಕು. ಗುರು ಒಂದ್ಸಲ ಸೂರ್ಯನ ಸುತ್ತೋಕೆ ಸುಮಾರು 12 ವರ್ಷ, ಅದಕ್ಕೇ ಬೇಟೆಗಾರರೂ ವರ್ಷಗಟ್ಟಲೆ ಡೇಟಾ ಕೂಡಿಡ್ತಾ ಕೂತ್ರು. ದೊಡ್ಡ ಗ್ರಹ ನಕ್ಷತ್ರದ ಮಗ್ಗುಲಲ್ಲೂ ಇರಬಹುದು, ಅದನ್ನೂ ನೋಡ್ರಪ್ಪ ಅಂತ ಆಟೋ ಸ್ಟ್ರೂವ್ ಅನ್ನೋ ಖಗೋಳ ವಿಜ್ಞಾನಿ 1952ರಲ್ಲೇ ಬರೆದಿದ್ರು, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.

1992ರಲ್ಲಿ ಪಲ್ಸಾರ್ ಅನ್ನೋ ಸತ್ತ ನಕ್ಷತ್ರದ ಸುತ್ತ ಗ್ರಹಗಳು ಸಿಕ್ವು, ಸೂರ್ಯನಂಥದ್ದರ ಸುತ್ತ ಸಿಕ್ಕಿದ್ದು 1995ರಲ್ಲಿ. ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್, ಡಿಡಿಯೆ ಕೆಲೋ ಫ್ರಾನ್ಸಿನ ಟೆಲಿಸ್ಕೋಪಲ್ಲಿ 51 ಪೆಗಾಸಿ ನಕ್ಷತ್ರದ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ನೋಡ್ತಿದ್ರು, ನಕ್ಷತ್ರ ನಮ್ಮ ಕಡೆ ಬಂದ್ರೆ ಆ ಬಣ್ಣಗಳ ನಡುವೆ ಕಾಣೋ ಕಪ್ಪು ಗೆರೆಗಳು ನೀಲಿ ಕಡೆ ಸರಿತವೆ, ದೂರ ಹೋದ್ರೆ ಕೆಂಪು ಕಡೆ. ಸೆಕೆಂಡಿಗೆ ಸುಮಾರು 60 ಮೀಟರ್ ಅಷ್ಟೇ ಈ ಹೊಯ್ದಾಟ, ಅದೂ ಬರೀ 4.2 ದಿನಕ್ಕೊಂದ್ಸಲ! ಅಂದ್ರೆ ಗುರುವಿನ ಅರ್ಧದಷ್ಟು ತೂಕದ ಗ್ರಹಕ್ಕೆ ನಾಲ್ಕೇ ದಿನದ ವರ್ಷ. ಅವರಿಗೇ ನಂಬಿಕೆ ಬರ್ಲಿಲ್ಲ, ಮತ್ತೆ ಮತ್ತೆ ಅಳೆದ್ರು, ಕೊನೆಗೆ 2019ರಲ್ಲಿ ನೊಬೆಲ್ಲೂ ಬಂತು.

ಆಮೇಲೆ ಥಿಯರಿ ತಿದ್ದಬೇಕಾಯ್ತು. ದೈತ್ಯ ಗ್ರಹ ಎಲ್ಲಿ ಹುಟ್ಟಿತೋ ಅಲ್ಲೇ ಇರಲ್ಲ, ತಟ್ಟೆಯ ಗ್ಯಾಸ್ ಜೊತೆ ಎಳೆದಾಡ್ಕೊಂಡು ಒಳಗೆ ಸರಿಯಬಹುದು ಅನ್ನೋ ಲೆಕ್ಕ 1980ರಿಂದ ಪೇಪರಲ್ಲಿತ್ತು, ಈಗ ಅದಕ್ಕೆ ಬೆಲೆ ಬಂತು. ನಕ್ಷತ್ರದ ಮುಂದೆ ಗ್ರಹ ಹಾದಾಗ ಬೆಳಕು ಚೂರು ಮಂಕಾಗೋದನ್ನ ನಾಸಾದ ಕೆಪ್ಲರ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡೋಕೆ ಶುರು ಮಾಡಿದ್ಮೇಲಂತೂ ಸಾವಿರಾರು ಸಿಕ್ವು, 2025ರಲ್ಲಿ ನಾಸಾ ಲೆಕ್ಕ 6000 ದಾಟ್ತು.

ಅದೇ ವರ್ಷ ಬರ್ನಾರ್ಡ್ ನಕ್ಷತ್ರಕ್ಕೂ ನಾಲ್ಕು ಗ್ರಹ ಇರೋದು ಗಟ್ಟಿಯಾಯ್ತು. ಒಂದೊಂದೂ ಭೂಮಿಗಿಂತ ಎಷ್ಟೋ ಹಗುರ, ಎಲ್ಲಾ ಒಂದು ವಾರದೊಳಗೇ ಸುತ್ತು ಮುಗಿಸ್ತವೆ. ವಾನ್ ಡಿ ಕಾಂಪ್ ಹೇಳಿದ ಗ್ರಹ ಮಾತ್ರ ಅಲ್ಲಿಲ್ಲ.